ಈರಣ್ಣನವರ ಮೈಲೇಜು

ಈ ಪರದೇಶದಲ್ಲಿ ನಮ್ಮ ಸೌತ್ ಬಿ ಬಡಾವಣೆಯ ಈರಣ್ಣನವರು ತಿಂಗಳಿಗೊಮ್ಮೆ ಪಿಕಪ್ಪಿನ ಹಿಂದೆ ಕ್ಯಾರವಾನ್ ಕಟ್ಟಿಕೊಂಡು ಉಪ್ಪುನೀರಿನ ಮಾಗಾಡಿ ಸರೋವರಕ್ಕೆ ಹೊರಡುತ್ತಾರೆ. ಲೀಟರಿಗೆ ಎಂಟು ಕಿಲೋಮೀಟರ್ ಬರಲೇಬೇಕೆಂಬುದು ಅವರ ವ್ರತ. ಅದಕ್ಕಾಗಿ ಎ.ಸಿ. ಹಾಕುವುದಿಲ್ಲ, ಎಪ್ಪತ್ತು ದಾಟುವುದಿಲ್ಲ. ಜನ ತುಂಬಿದ ಬಾಡಿಗೆ ವ್ಯಾನುಗಳಾದ ಮಟಾಟುಗಳು ಹಾರ್ನ್ ಹೊಡೆದು ಮುಂದೆ ಹೋದರೆ "ಹೋಗ್ಲಿ, ಡೀಸೆಲ್ ಅವರ್ದು" ಎನ್ನುತ್ತಾರೆ. ಹೆಂಡತಿ ಕಾತ್ಯಾಯಿನಿಯವರ ಇಡ್ಲಿ ಪಾತ್ರೆಯನ್ನೂ ತೂಗಿ, ಭಾರವೆಂದು ಕೆಳಗಿಳಿಸುತ್ತಾರೆ. ಆದರೆ ಕ್ಯಾರವಾನಿನ ನೂರು ಲೀಟರ್ ನೀರಿನ ಟ್ಯಾಂಕನ್ನು ಮಾತ್ರ ಮನೆಯಲ್ಲೇ ಭರ್ತಿ ಮಾಡುತ್ತಾರೆ. ಅದರಲ್ಲಿ ಒಂದು ಚೊಂಬು ಬಳಸಿದರೂ ಗೊಣಗುತ್ತಾರೆ. ವಾಪಸಾಗುವಾಗ, ನೀರಿಲ್ಲದ ಊರೊಂದರ ಹೆಂಗಸರ ಕ್ಯಾನುಗಳಿಗೆ ಅದನ್ನು ಪೂರ್ತಿ ಬಗ್ಗಿಸಿ, "ಮುಂದೆ ಏರು ನೋಡು, ಭಾರ ಇಳಿಸಿದ್ರೆ ಮೈಲೇಜ್ ಜಾಸ್ತಿ" ಎನ್ನುತ್ತಾರೆ. "ಮತ್ತೆ ಮನೇಲಿ ತುಂಬಿಸ್ಕೊಂಡು ಬರೋದ್ಯಾಕ್ರೀ?" ಎಂದು ಕಾತ್ಯಾಯಿನಿ ಪ್ರತಿ ಸಲವೂ ಕೇಳುತ್ತಾರೆ. ಅಷ್ಟು ಹೊತ್ತಿಗೆ ಈರಣ್ಣನವರಿಗೆ ಪಿಕಪ್ಪಿನ ಕನ್ನಡಿ ಸರಿಮಾಡುವ ಕೆಲಸ ಬಂದಿರುತ್ತದೆ.