ಕೆಂಚ ನಡುವೆ ನಡೆಯಬೇಕಿತ್ತು

ನೆನೆದ ನಾಯಿಯ ಮೈವಾಸನೆ ಅಂದರೆ ಬಹಳ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಆ ವಾಸನೆಯ ಜೊತೆ ಕೊಳೆತ ಗೇರುಹಣ್ಣಿನ ಹುಳಿಗಂಪೂ ಕೆರೆಯ ಕೆಸರಿನ ನಾತವೂ ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಬೆನ್ನಿನ ನಡುವೆ, ಕೈಗೆ ಎಟುಕದ ಆ ಒಂದು ಜಾಗದಲ್ಲಿ, ಚುರ್ರೆಂದು ಏನೋ ಹರಿಯುತ್ತದೆ. ನಾನೀಗ ಐವತ್ತರ ಹತ್ತಿರ ಬಂದವಳು, ಕಾರವಾರದಲ್ಲಿ ಮನೆ, ಜೊತೆಗೆ ಚುಕ್ಕಿ ಎಂಬ ಬೀದಿಯಿಂದ ಬಂದು ಮನೆಯವಳೇ ಆದ ಹೆಣ್ಣುನಾಯಿ. ಚುಕ್ಕಿ ಮಳೆಯಲ್ಲಿ ನೆನೆದು ಒಳಗೆ ಬಂದು ಮೈ ಕೊಡವಿದರೆ ಸಾಕು, ನಾನು ಹತ್ತು ವರ್ಷದ ಹುಡುಗಿಯಾಗಿ ಬೀರಮ್ಮತ್ತೆಯ ಜೊತೆ ಗುಡ್ಡದ ದಾರಿಯಲ್ಲಿರುತ್ತೇನೆ. ನಿಮಗೂ ಇಂಥ ಒಂದು ವಾಸನೆ ಇರಬಹುದು. ಅದು ನಿಮ್ಮನ್ನು ಸುಖದ ಕಡೆಗಷ್ಟೇ ಕರೆದೊಯ್ಯುವುದಾದರೆ ನೀವು ಪುಣ್ಯ ಮಾಡಿದವರು.

ಬೀರಮ್ಮತ್ತೆ ನನ್ನ ಅಪ್ಪನ ಅಕ್ಕ. ಅಂಕೋಲೆಯಿಂದ ಬೆಳಂಬಾರದ ಕಡೆ ಹೋಗುವಾಗ ಗುಡ್ಡದ ಬುಡಕ್ಕೆ ಸರಿದು ನಿಂತಿದ್ದ ನಾಲ್ಕಾರು ಮನೆಗಳಲ್ಲಿ ಅವಳದೊಂದು. ಮಣ್ಣಿನ ಗೋಡೆ, ಹಂಚಿನ ಮಾಡು, ಅಂಗಳ ದಾಟಿದರೆ ಗದ್ದೆ, ಗದ್ದೆ ದಾಟಿದರೆ ಕೆರೆ. ಕೆರೆಯ ಆಚೆ ಮೂರು ಗುಡ್ಡ. ಮಕ್ಕಳಿಲ್ಲದ ಮನೆಯಾದ್ದರಿಂದ ಪರೀಕ್ಷೆ ಮುಗಿದ ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿಬಿಡುತ್ತಿದ್ದರು. ಬೆಳಿಗ್ಗೆ ಕುಚ್ಚಿಗೆಯಕ್ಕಿಯ ಗಂಜಿ, ಕೆಂಡದ ಮೇಲೆ ಸುಟ್ಟ ಒಣಮೀನು, ಅದರ ತಲೆ ಕೆಂಚನಿಗೆ. ಕೆಂಚ ಅಂದರೆ ಅವರ ನಾಯಿ. ಒಂದು ಕಿವಿ ನೆಟ್ಟಗೆ, ಇನ್ನೊಂದು ಯಾವಾಗಲೂ ಮಡಚಿಕೊಂಡು, ಅರ್ಧ ಮಾತ್ರ ಕೇಳಿಸಿಕೊಂಡವನ ಹಾಗೆ ಮುಖ. ಅತ್ತೆ ಬೈಯುವಾಗ ಅವನು ಮಡಚಿದ ಕಿವಿಯನ್ನು ಅವಳ ಕಡೆ ಮಾಡಿ ಕೂರುತ್ತಿದ್ದ. ವೆಂಕಣ್ಣ ಮಾವನೂ ಹಾಗೇ ಮಾಡುತ್ತಾನೆ ಎಂದು ಅತ್ತೆ ಗೊಣಗಿದರೆ ಮಾವ ಎಲೆಯಡಿಕೆ ತುಂಬಿದ ಬಾಯಲ್ಲೇ ನಗುತ್ತಿದ್ದ. ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಅಂಗಳ ಹೋಯಿತು, ಉಳಿದ ಗೋಡೆಯನ್ನು ಎರಡು ಮಳೆಗಾಲ ಕರಗಿಸಿದವು.

ಗುಡ್ಡದ ಮೇಲೆ ಅವರದೊಂದು ಬೇಣ, ಅಂದರೆ ಗೇರುಮರಗಳ ತೋಪು ಇತ್ತು. ಹಗಲು ಉದುರಿದ ಹಣ್ಣನ್ನು ಸಂಜೆಯೊಳಗೆ ಹೆಕ್ಕಿ ಬೀಜ ಬಿಡಿಸಿ ತರದಿದ್ದರೆ ರಾತ್ರಿ ಮುಳ್ಳುಹಂದಿಯ ಪಾಲು. ಹಾಗಾಗಿ ಬಿಸಿಲು ಇಳಿಯುತ್ತಲೇ ನಮ್ಮ ಸವಾರಿ ಹೊರಡುತ್ತಿತ್ತು: ಕೆರೆಯ ಏರಿ ಹಿಡಿದು ಅರ್ಧ ಸುತ್ತು, ಅಲ್ಲಿಂದ ಗುಡ್ಡ ಹತ್ತಿ ಬೇಣ, ಬರುವಾಗ ಆಚೆ ಕಡೆಯಿಂದ ಇಳಿದು ಗುಡ್ಡ ಕಾಯುವ ದೇವರು ಜಟಗನ ಕಲ್ಲಿನ ತಿರುವು ದಾಟಿ ಮತ್ತೆ ಏರಿ. ಕೆಂಚನನ್ನು ಬಿಟ್ಟು ಹೋಗುವ ಮಾತೇ ಇರಲಿಲ್ಲ. ಪಕ್ಕದ ಮನೆಯವರು ಜಗಲಿಯಲ್ಲಿ ಕಟ್ಟಿಹಾಕಿ ಹೋದ ನಾಯಿಯನ್ನು ಚಿರತೆ ಸರಪಳಿ ಸಮೇತ ಒಯ್ದಿತ್ತು. ಅತ್ತೆ ಅದನ್ನು ಚಿರತೆ ಎನ್ನುತ್ತಿರಲಿಲ್ಲ, ‘ಗುಡ್ಡದ್ದು’ ಎನ್ನುತ್ತಿದ್ದಳು. ಹೆಸರು ಹಿಡಿದರೆ ಕರೆದ ಹಾಗಾಗುತ್ತದಂತೆ. ನಾಯಿಯನ್ನು ಕರೆದುಕೊಂಡು ಹೋಗಲು ಆ ಕೇರಿಯವರಿಗೆಲ್ಲ ಒಂದೇ ಕ್ರಮ. ಗುಡ್ಡದ್ದು ಸಾಲಿನ ಕೊನೆಯದನ್ನು ಎತ್ತುತ್ತದೆ, ಆದರೆ ಮನುಷ್ಯರನ್ನು ಮುಟ್ಟುವುದಿಲ್ಲ. ಆದ್ದರಿಂದ ಮುಂದೆ ಮನುಷ್ಯ, ಹಿಂದೆ ಮನುಷ್ಯ, ನಾಯಿ ನಡುವೆ. ನಮ್ಮ ಸಾಲಿನಲ್ಲಿ ಕತ್ತಿ ಹಿಡಿದ ಅತ್ತೆ ಮೊದಲು, ಆಮೇಲೆ ನಾನು, ನನ್ನ ಹಿಂದೆ ಕೆಂಚ, ಎಲ್ಲರಿಗಿಂತ ಹಿಂದೆ ಬುಟ್ಟಿ ಹೊತ್ತ ಮಾವ.

ಕೆಂಚನಿಗೆ ಒಂದು ಅಭ್ಯಾಸ. ಮುಂದೆ ನಡೆಯುವವರ ಮೊಣಕಾಲ ಹಿಂದಿನ ಗುಳಿಗೆ ಎರಡು ಹೆಜ್ಜೆಗೊಮ್ಮೆ ತನ್ನ ಒದ್ದೆ ಮೂತಿ ತಾಗಿಸುತ್ತಿದ್ದ. ಏರಿಯ ಮೇಲೆ ಹೋಗುವಾಗ ಕೆರೆಗೆ ಒಮ್ಮೆ ಬಿದ್ದೆದ್ದು ಬರುತ್ತಿದ್ದುದರಿಂದ ಆ ಮೂತಿ ತಣ್ಣಗಿರುತ್ತಿತ್ತು. ಮೊದಮೊದಲು ಕಚಗುಳಿ, ಆಮೇಲೆ ಅದಿಲ್ಲದೆ ನಡೆಯುವುದೇ ಆಗುತ್ತಿರಲಿಲ್ಲ. ಗುಡ್ಡದ ಪೊದೆಗಳು ನನಗೆ ಹಗಲಲ್ಲೂ ಹೆದರಿಕೆ. ಒಣ ಎಲೆ ಸರಿದರೂ ನಿಂತುಬಿಡುತ್ತಿದ್ದೆ. ಅಷ್ಟರಲ್ಲಿ ಮೂತಿ ಬಂದು ತಾಗಿದರೆ, ಸರಿ, ನನ್ನ ಬೆನ್ನು ಖಾಲಿಯಿಲ್ಲ ಅನ್ನಿಸುತ್ತಿತ್ತು.

ನನಗೆ ಹತ್ತು ತುಂಬಿದ ಆ ವರ್ಷ ಮೇ ತಿಂಗಳ ಕೊನೆಗೆ ಮಾವನ ಅಂಗಾಲಿಗೆ ಬಿದಿರಿನ ಕೂಳೆ ಚುಚ್ಚಿ ಕಾಲು ಬಾತುಕೊಂಡಿತು. ಹೊರಡುವ ಹೊತ್ತಿಗೆ ಅತ್ತೆ ನನ್ನ ಕೈಗೆ ಸಣ್ಣ ಬುಟ್ಟಿ ಕೊಟ್ಟಳು.

“ಮಾವಂಗೆ ಕಾಲ್ ಊರೂಕೆ ಆಗೂದಿಲ್ಲ. ಇವತ್ತಿಂದ ನೀನೇ ಹಿಂದೆ ಬಾ, ತಂಗೀ.”

“ನಂಗೆ ಹೆದ್ರಿಕೆ ಆಗ್ತದೆ.”

“ಮನುಷ್ಯರ್ನ ಅದು ಮುಟ್ಟೂದಿಲ್ಲ. ಹೆದ್ರಿಕೆ ಆದ್ರೆ ಮಾತಾಡ್ತಾ ಬಾ. ಹಿಂದೆ ಮಾತ್ರ ತಿರ್ಗಿ ನೋಡೂಕಿಲ್ಲ.”

ಸಾಲಿನ ಕೊನೆಯಲ್ಲಿ ನಡೆಯುವುದು ಏನೆಂದು ಆ ನಾಲ್ಕು ದಿನ ನಾನು ಕಲಿತೆ. ನನ್ನದೇ ಹೆಜ್ಜೆಯ ಸದ್ದು ಇನ್ನೊಬ್ಬರದಾಗಿ ಕೇಳುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು, ಅದೇ ಇನ್ನೂ ಹೆಚ್ಚಿನ ಭಯ. ಮಾತಾಡುತ್ತಾ ಬಾ ಅಂದಿದ್ದಳಲ್ಲ, ಮಗ್ಗಿ ಹೇಳುತ್ತಿದ್ದೆ; ಹದಿಮೂರರ ಮಗ್ಗಿ ಬಂದಾಗ ನಾಲಿಗೆ ಒಣಗಿ ತಪ್ಪುತ್ತಿತ್ತು. ಎದುರಿಗೆ ಕೆಂಚ ಬಾಲ ಅಲ್ಲಾಡಿಸುತ್ತಾ ಅತ್ತೆಯ ಕಾಲಿಗೆ ಮೂತಿ ತಾಗಿಸುತ್ತಾ ಹಾಯಾಗಿ ಹೋಗುತ್ತಿದ್ದ. ಅತ್ತೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿರುತ್ತಿದ್ದಳು. ಅವಳ ಮೊಣಕಾಲ ಹಿಂದೆ ಆ ಒದ್ದೆ ಗುರುತು ಹೊಳೆಯುವುದು ನನಗೆ ಕಾಣುತ್ತಿತ್ತು. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು. ಮನುಷ್ಯರನ್ನು ಮುಟ್ಟುವುದಿಲ್ಲ ಎಂಬುದನ್ನು ದೊಡ್ಡವರು ನಂಬಬಹುದು, ನಾನು ಕೆಂಚನಿಗಿಂತ ಒಂದಿಷ್ಟೇ ಎತ್ತರವಿದ್ದವಳು.

ಐದನೆಯ ಸಂಜೆ ಸಮುದ್ರದ ಕಡೆಯಿಂದ ಮೋಡ ಎದ್ದು ಹೊತ್ತಿಗೆ ಮೊದಲೇ ಕಪ್ಪಾಯಿತು. ಬೇಣದಿಂದ ಇಳಿಯುವಾಗ ಹಕ್ಕಿಗಳ ಸದ್ದೂ ಇರಲಿಲ್ಲ. ಜಟಗನ ಕಲ್ಲು ಕಾಣುವ ಹೊತ್ತಿಗೆ ನನ್ನ ಬಾಯಲ್ಲಿ ಮಗ್ಗಿ ನಿಂತೇ ಹೋಗಿತ್ತು. ಅಲ್ಲಿ ದಾರಿ ಸ್ವಲ್ಪ ಅಗಲ. ನಾನು ಕೆಂಚನ ಕುತ್ತಿಗೆ ಹಿಡಿದು ಪಕ್ಕಕ್ಕೆ ಒತ್ತಿ, ಅವನನ್ನು ದಾಟಿ ಮುಂದೆ ಹೋದೆ. ಅವನು ಆಟವೆಂದುಕೊಂಡು ನನ್ನ ಕೈ ನೆಕ್ಕಿದ. ಅತ್ತೆ ತಿರುಗಲಿಲ್ಲ, ಅವಳ ಹೆಜ್ಜೆ ಮಾತ್ರ ಬೇಗ ಬೇಗ ಬೀಳತೊಡಗಿತು. ಎರಡು ಹೆಜ್ಜೆಗೆ ತಣ್ಣನೆಯ ಮೂತಿ ನನ್ನ ಮೊಣಕಾಲ ಹಿಂದೆ ತಾಗಿತು. ಅಬ್ಬಾ ಎಂದು ಉಸಿರು ಬಿಟ್ಟೆ. ಮತ್ತೆ ತಾಗಿತು. ಮತ್ತೊಮ್ಮೆ. ಆಮೇಲೆ ತಾಗಲಿಲ್ಲ. ಕೂಗಿಲ್ಲ, ಬೊಗಳಿಲ್ಲ, ಪೊದೆ ಕೂಡ ಅಲ್ಲಾಡಿದ ಹಾಗೆ ಕೇಳಲಿಲ್ಲ. ನಾನು ನಡೆದೆ. ಇನ್ನೊಂದು ಹೆಜ್ಜೆಗೆ ತಾಗುತ್ತದೆ, ಇನ್ನೊಂದಕ್ಕೆ ತಾಗುತ್ತದೆ ಎಂದುಕೊಳ್ಳುತ್ತಾ, ತಿರುಗಿ ನೋಡದೆ, ಏರಿ ಸಿಗುವವರೆಗೂ ನಡೆದೆ.

ಏರಿಯ ಮೇಲೆ ಅತ್ತೆ ನಿಂತು ತಿರುಗಿದಳು. “ಕೆಂಚ ಎಲ್ಲೇ?”

“ನನ್ ಮುಂದೇ ಇದ್ದ,” ಅಂದೆ. “ಮುಂದಿದ್ದವ್ನೇ ಎತ್ಕೊಂಡು ಹೋಯ್ತು.”

ಅತ್ತೆ ನನ್ನನ್ನು ನೋಡಿದಳು. ಆಮೇಲೆ ಬುಟ್ಟಿ ಕೆಳಗಿಟ್ಟು, ಬೊಬ್ಬೆ ಹೊಡೆಯುತ್ತಾ ಕತ್ತಿ ಹಿಡಿದು ತಿರುವಿನವರೆಗೆ ಓಡಿದಳು. ಒಬ್ಬಳೇ ನಿಂತ ನನಗೆ ಕೆರೆಯ ನೀರು ಕಲ್ಲಿಗೆ ಬಡಿಯುವ ಸದ್ದೂ ಗುಡ್ಡದ್ದರದೇ ಸದ್ದಿನಂತೆ ಕೇಳುತ್ತಿತ್ತು. ಅತ್ತೆ ಬರಿಗೈಲಿ ಬಂದಳು. ನನ್ನ ರಟ್ಟೆ ಹಿಡಿದು ಮನೆಗೆ ನಡೆಸಿದಳು. ಮಾವನಿಗೆ ಅವಳು ಹೇಳಿದ್ದು ಒಂದೇ ಮಾತು: “ನಡೂಗಿದ್ದದ್ನೇ ಎತ್ತಿತು.” ನನ್ನ ಸುಳ್ಳು ಅವಳ ಬಾಯಿಂದ ಬಂದಾಗ ಸತ್ಯದ ಹಾಗೆಯೇ ಕೇಳಿಸಿತು. ಮಾವ ಎಲೆಯಡಿಕೆ ಉಗುಳಿ ಗೋಡೆಯ ಕಡೆ ತಿರುಗಿ ಕೂತ. ಆ ರಾತ್ರಿ ಮೀನಿನ ತಲೆಗಳು ತಟ್ಟೆಯ ಅಂಚಿನಲ್ಲೇ ಉಳಿದವು.

ನಾನು ಹೇಳಿದ ಸುಳ್ಳು ಎಂಥದೆಂದು ಆಗ ನನಗೆ ತಿಳಿಯಲಿಲ್ಲ. ಮನುಷ್ಯರ ನಡುವಿನಿಂದಲೇ ಎತ್ತುವ ಗುಡ್ಡದ್ದು ಅಂದರೆ ಮನುಷ್ಯರ ಅಂಜಿಕೆ ಬಿಟ್ಟದ್ದು. ಸುದ್ದಿ ಕೇರಿ ತುಂಬ ಹರಡಿತು. ಸೊಪ್ಪು ತರಲು ಗುಡ್ಡ ಹತ್ತುವುದನ್ನು ಜನ ಬಿಟ್ಟರು, ಮಕ್ಕಳು ಕೆರೆಯ ಕಡೆ ಹೋಗುವುದು ನಿಂತಿತು, ಸಂಜೆ ಐದಕ್ಕೆಲ್ಲ ಬಾಗಿಲುಗಳಿಗೆ ಅಗುಳಿ ಬೀಳತೊಡಗಿತು. ಅತ್ತೆ ಮತ್ತೆ ಬೇಣ ಹತ್ತಲಿಲ್ಲ. ಯಾರಾದರೂ ಕರೆದರೆ, “ನಡೂಗಿಂದ ಎತ್ತೂಕೆ ಕಲ್ತದ್ರ ಮುಂದೆ ಎಂತಕ್ಕೆ ಹೋಗೂದು?” ಎನ್ನುತ್ತಿದ್ದಳು. ಬೇಣ ಮುಳ್ಳು ಬೆಳೆದು ಮುಚ್ಚಿಹೋಯಿತು. ಅವರು ಇನ್ನೊಂದು ನಾಯಿ ಸಾಕಲಿಲ್ಲ. ಮುಂದಿನ ರಜೆಗಳಲ್ಲಿ ನಾನು ಹೋದಾಗ ಇನ್ನೊಂದು ಬದಲಾವಣೆ ಕಂಡೆ. ನಾನು ಕಂಡಾಗಿನಿಂದ ಸಾಲಿನ ಮುಂದೆಯೇ ನಡೆದ ನನ್ನ ಅತ್ತೆ, ಗದ್ದೆಯ ಬದುವಿನ ಮೇಲೆ ನನ್ನನ್ನು ಬಸ್ಸಿಗೆ ಬಿಡಲು ಬರುವಾಗ ಕೂಡ, “ನೀ ಮುಂದೆ ನಡಿ, ನಾ ಹಿಂದಿಂದ ಬತ್ತೆ” ಎನ್ನುತ್ತಿದ್ದಳು. ನಾನು ಕೆಲಸಕ್ಕೆ ಸೇರಿದ ಮೇಲೂ, ಅವಳ ಸೊಂಟ ಬಾಗಿದ ಮೇಲೂ ಹಾಗೆಯೇ. ಪಾಪ, ಹೆದರಿಕೊಂಡುಬಿಟ್ಟಿದ್ದಾಳೆ, ಎಲ್ಲ ನನ್ನಿಂದ ಎಂದು ಒಳಗೊಳಗೇ ಬೇಯುತ್ತಿದ್ದೆ. ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಮಾವ ಹೋದ ಮೇಲೆ ಅವಳೂ ಹೆಚ್ಚು ದಿನ ಉಳಿಯಲಿಲ್ಲ. ನಾನು ಹೇಳಲೇ ಇಲ್ಲ.

ಹೋದ ತಿಂಗಳು ಧೈರ್ಯ ಮಾಡಿ ಚುಕ್ಕಿಯನ್ನು ಕರೆದುಕೊಂಡು ಹೋಗಿದ್ದೆ. ಕೆರೆಯ ಸುತ್ತ ಈಗ ಕಲ್ಲು ಹಾಸಿದ್ದಾರೆ, ಕೂರಲು ಬೆಂಚುಗಳಿವೆ, ನಾಯಿಗಳನ್ನು ಹಗ್ಗ ಹಾಕಿ ತರಬಹುದು ಎಂದು ಬೋರ್ಡಿದೆ. ಪಟ್ಟಣದಿಂದ ಬಂದವರು ಗಿಡ್ಡ ಕಾಲಿನ ನಾಯಿಗಳನ್ನು ನಡೆಸುತ್ತಿದ್ದರು. ನಾನು ಹಗ್ಗ ಸಡಿಲ ಬಿಟ್ಟು ಗುಡ್ಡದ ಹಳೆಯ ದಾರಿ ಹಿಡಿದೆ. ಚುಕ್ಕಿಗೂ, ಯಾರು ಕಲಿಸಿದರೋ, ಹಿಂದಿನಿಂದ ಮೂತಿ ತಾಗಿಸುವ ಅಭ್ಯಾಸ. ಜಟಗನ ಕಲ್ಲಿನ ಹತ್ತಿರ ಅವಳ ಮೂತಿ ತಾಗುವುದು ನಿಂತಿತು. ಎರಡೇ ಹೆಜ್ಜೆ. ಎರಡು ಹೆಜ್ಜೆಯಲ್ಲಿ ನನ್ನ ಕಾಲಿಗೆ ಗೊತ್ತಾಯಿತು, ಕೂಗುತ್ತಾ ತಿರುಗಿದೆ. ಚುಕ್ಕಿ ಒಂದು ಪೊದೆ ಮೂಸುತ್ತಾ ನಿಂತಿದ್ದಳು, ಅಷ್ಟೇ.

ಅಲ್ಲೇ ಕಲ್ಲಿನ ಪಕ್ಕದಲ್ಲಿ ಕೂತುಬಿಟ್ಟೆ. ನನಗೆ ಎರಡು ಹೆಜ್ಜೆ ಸಾಕಾಗಿತ್ತು. ಸೀರೆ ಎತ್ತಿ ಕಟ್ಟಿದ್ದ ಬೀರಮ್ಮತ್ತೆಯ ಕಾಲಿಗೆ ಗೊತ್ತಾಗದೆ ಇದ್ದೀತೇ? ಆ ಸಂಜೆ ಈ ತಿರುವಿನಿಂದ ಏರಿಯವರೆಗೂ ಅವಳಿಗೆ ಕೆಂಚನ ಮೂತಿ ತಾಗಿರಲಿಲ್ಲ. ನಾನು ಅವನನ್ನು ಹಿಂದೆ ತಳ್ಳಿದ್ದು ಅವಳಿಗೆ ಆ ಕ್ಷಣದಲ್ಲೇ ತಿಳಿದಿತ್ತು. ತಿಳಿದೂ ಗದರಲಿಲ್ಲ, ನನ್ನನ್ನು ಮತ್ತೆ ಹಿಂದಕ್ಕೆ ಕಳಿಸಲಿಲ್ಲ, ಹೆಜ್ಜೆ ಮಾತ್ರ ಬೇಗ ಹಾಕಿದಳು. ಮನುಷ್ಯರನ್ನು ಮುಟ್ಟುವುದಿಲ್ಲ ಎಂಬುದನ್ನು ಅವಳೂ ಪೂರ್ತಿ ನಂಬಿರಲಿಲ್ಲವೇನೋ. ನನ್ನ ಸುಳ್ಳು ಉಳಿಯಲಿ ಎಂದು ಬೇಣ ಬಿಟ್ಟಳು, ಕೇರಿಯ ಮುಂದೆ ಹೆದರಿದವಳಾದಳು, ಸಾಯುವವರೆಗೂ ನನ್ನ ಹಿಂದೆ ನಡೆದಳು.

ಮೋಡ ಕಟ್ಟುತ್ತಿತ್ತು. ಎದ್ದು ಚುಕ್ಕಿಯನ್ನು ಮುಂದೆ ಬಿಟ್ಟು ನಾನು ಕೊನೆಗೆ ನಡೆದೆ. ಒಣ ಎಲೆಯ ಮೇಲೆ ನನ್ನದೇ ಹೆಜ್ಜೆ ಇನ್ನೊಬ್ಬರದಾಗಿ ಕೇಳುತ್ತಿತ್ತು. “ಅತ್ತೇ,” ಎಂದೆ, ಗಟ್ಟಿಯಾಗಿಯೇ, “ಅವ ನನ್ ಹಿಂದಿದ್ದ.” ಹಿಂದೆ ಯಾರೂ ಇರಲಿಲ್ಲ. ತಿರುಗಿ ನೋಡದೆ ಏರಿಯವರೆಗೂ ನಡೆದೆ.