ಹಸಿರು ಬಣ್ಣದ ಕೆಳಗಿನ ಗೋಡೆ

ನಮ್ಮ ಊರು ಕಿನ್ನರದಲ್ಲಿ ಚಳಿಗಾಲ ಎಂದರೆ ದೊಡ್ಡ ಚಳಿಯೇನೂ ಇಲ್ಲ. ಬೆಳಿಗ್ಗೆ ಕಾಳಿ ನದಿಯ ಮೇಲೆ ಸ್ವಲ್ಪ ಹೊತ್ತು ಮಂಜು ಕೂತಿರುತ್ತದೆ, ಕಿವಿಗೊಂದು ಮಫ್ಲರ್ ಬೇಕಾಗುತ್ತದೆ, ಅಷ್ಟೆ. ಆ ಸ್ವಲ್ಪ ಹೊತ್ತಿಗಾಗಿ ಈಗ ನಾನು ವರ್ಷವಿಡೀ ಕಾಯುತ್ತೇನೆ. ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮೇಲೆ ಮಗಳು ಮೊಬೈಲ್ ಕೊಡಿಸಿದಳು. ಮೊದಮೊದಲು ಫೋಟೋದಲ್ಲಿ ನನ್ನ ಬೆರಳೇ ಬರುತ್ತಿತ್ತು. ಆಮೇಲೆ ಬಚ್ಚಲ ಒಲೆಯ ಬೂದಿಯಲ್ಲಿ ಮುದುಡಿ ಮಲಗಿದ ನಾಯಿ ಬಂತು, ಚಾಪೆಯ ಮೇಲೆ ಒಣಗಲು ಹರವಿದ ಸಿಗಡಿ ಬಂತು. ಚೆನ್ನಾಗಿ ಬಂದದ್ದನ್ನು ಕಾರವಾರದಲ್ಲಿ ಪ್ರಿಂಟ್ ಹಾಕಿಸಿ ಆಯಾ ಮನೆಗೆ ಕೊಟ್ಟು ಬರುತ್ತೇನೆ. ಹಾಗೆ ಕೊಡಲು ಹೋದಲ್ಲೆಲ್ಲ ಒಂದು ಚಾ.

ಎದುರು ಮನೆಯಾಕೆ ದಿನವೂ ತುಳಸಿಯ ಮುಂದೆ ರಂಗೋಲಿ ಹಾಕುತ್ತಾಳೆ.

"ಮಾಮಾ, ರಂಗೋಲಿ ತೆಗೀರಿ, ನನ್ನ ತೆಗೀಬೇಡಿ. ತಲೆ ಬಾಚ್ಲಿಲ್ಲ."

"ನಿನ್ನೆನೂ ಹಂಗೇ ಹೇಳಿದ್ಯಲ್ಲೆ."

"ನಿನ್ನೆನೂ ಬಾಚ್ಲಿಲ್ಲ!"

ಆ ಫೋಟೋಗಳನ್ನು ಮನೆಗೆ ತಂದರೆ ಹೆಂಡತಿ ಕನ್ನಡಕ ಹಾಕಿಕೊಂಡು ನೋಡುತ್ತಾಳೆ. "ಈ ಸಾಲಿನಾಗೆ ಒಂದು ಚುಕ್ಕಿ ಕಡ್ಮೆ ಅದೆ" ಎಂದು ಬೆರಳಿಟ್ಟು ತೋರಿಸುತ್ತಾಳೆ. ಎಣಿಸಿದರೆ ಕಡಿಮೆಯೇ ಇರುತ್ತದೆ. ಅವಳ ಕಣ್ಣಿಗೆ ಅದು ಹೇಗೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದನ್ನೇ ಇಲ್ಲಿ ಬರೆಯಬೇಕಾಗಿದೆ.

ಅವಳ ತವರು ಅಂಕೋಲೆಯ ಬೆಳಂಬಾರ. ಹೊಸ ಭತ್ತ ಮನೆಗೆ ಬಂದ ಮೇಲೆ ಅಲ್ಲಿಯ ಹೆಂಗಸರು ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ತೆನೆ, ಏಣಿ, ಕೈ ಹಿಡಿದು ಕುಣಿಯುವ ಜನ ಎಲ್ಲ ಬರೆಯುತ್ತಾರೆ. ಮದುವೆಯಾಗಿ ಬಂದ ಮೊದಲ ಚಳಿಗಾಲದಲ್ಲಿ ಅವಳು ನಮ್ಮ ಜಗಲಿಯ ಗೋಡೆಯ ತುಂಬ ಬರೆದಳು. ಎರಡು ದಿನ ಬೇಕಾಯಿತು. ಅದೇ ವಾರ ನನ್ನ ಸಾಹೇಬರು ಮನೆಗೆ ಬಂದರು. ಗೋಡೆ ನೋಡಿ, "ಇದು ಯಾರು ಬರೆದದ್ದು?" ಎಂದು ಕೇಳಿದರು. ಹೊಗಳಲು ಕೇಳಿದರೋ, ನಗಲು ಕೇಳಿದರೋ ಇವತ್ತಿಗೂ ತಿಳಿಯದು. ನಮ್ಮನ್ನು ಹಳ್ಳಿಗರು ಅಂದುಕೊಂಡಾರು ಎಂದು ನನಗೆ ನಾಚಿಕೆಯಾಯಿತು. "ಕೆಲಸಕ್ಕೆ ಬರುವವಳ ಮಕ್ಕಳು ಗೀಚಿದ್ದು, ಸರ್. ನಾಳೆ ಅಳಿಸ್ತೇನೆ" ಎಂದೆ. ನಮ್ಮ ಮನೆಗೆ ಕೆಲಸದವಳೇ ಇರಲಿಲ್ಲ. ಚಾ ತಟ್ಟೆ ಹಿಡಿದು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

ಆ ಭಾನುವಾರ ಗೋಡೆಗೆ ಹಸಿರು ಆಯಿಲ್ ಪೇಂಟ್ ಹೊಡೆಸಿದೆ. ನಮ್ಮ ಮನೆಯಲ್ಲಿ ಅವಳು ಮತ್ತೆ ಬರೆಯಲಿಲ್ಲ. ಪೇಂಟ್ ಮಾಸಿದಾಗಲೆಲ್ಲ ನಾನೇ ಮೇಲಿಂದ ಮೇಲೆ ಹೊಡೆಸಿದೆ, ಅದೇ ಹಸಿರು.

ಈ ಸಲದ ಚಳಿಯಲ್ಲಿ ಇಬ್ಬರೂ ಬೆಳಂಬಾರಕ್ಕೆ ಹೋಗಿದ್ದೆವು. ಅವಳ ತಮ್ಮನ ಮನೆಯ ಗೋಡೆ ಹೊಸದಾಗಿ ಬರೆದದ್ದಿತ್ತು. ನಾನು ಮೊಬೈಲ್ ಹಿಡಿದು ಕೂತು, ನಿಂತು, ಬಗ್ಗಿ ಫೋಟೋ ತೆಗೆದೆ. ಎಂಥ ಕೈ, ಎಂಥ ಗೆರೆ ಎಂದು ಬಾಯ್ತುಂಬ ಹೊಗಳಿದೆ.

"ನಮ್ಮನೆಯವ್ಳಿಗೆ ಇದ್ನ ಕಲ್ಸಿದ್ದೇ ಅಕ್ಕ, ಬಾವ" ಎಂದ ತಮ್ಮ. "ನಿಮ್ಮನೆ ಗೋಡೆ ಹೆಂಗಿರ್ಬೇಕು ಹಂಗಾರೆ! ಕೊಯ್ಲಿನ ಹೊತ್ನಾಗೆ ನಂಗೆ ಬರೂಕೆ ಆಗೂದಿಲ್ಲ, ಅದ್ರ ಫೋಟೋ ಒಂದೂ ಕಳ್ಸ್ಲಿಲ್ಲ ನೀವು."

ನಾನು ಮೊಬೈಲಿನ ಗಾಜು ಒರೆಸತೊಡಗಿದೆ.

"ನಮ್ಮಲ್ಲಿ ನದಿ ಹತ್ರ ಅಲ್ದಾ, ತಂಡಿಗೆ ನಿಲ್ಲೂದಿಲ್ಲ" ಎಂದಳು ಹೆಂಡತಿ, ಮೀನು ತೊಳೆಯುತ್ತ, ತಲೆ ಎತ್ತದೆ.

ಅವಳು ನನ್ನನ್ನು ಉಳಿಸಿದ್ದು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿಯೇಬಿಟ್ಟೆ. "ಅವತ್ತು ಸಾಹೇಬರ ಮುಂದೆ ನಾನು ಹೇಳಿದ್ದು..."

"ಕೇಳಿದ್ದೆ."

"ತಪ್ಪಾಯ್ತು."

ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಸ್ಸು ಚೆಂಡಿಯಾ ಊರು ದಾಟಿದ ಮೇಲೆ, "ಪೇಂಟಿನ ಮೇಲೆ ಹಿಟ್ಟು ಹಿಡೀತದೇನು? ಒಣಗಿದ್ಕೂಡ್ಲೆ ಉದ್ರಿ ಹೋಗ್ತದೆ" ಎಂದಳು. ಕ್ಷಮಿಸಿದಳೋ ಇಲ್ಲವೋ ತಿಳಿಯಲಿಲ್ಲ. ಆದರೆ ಗೋಡೆಯ ಬಗ್ಗೆ ಇಷ್ಟು ವರ್ಷಗಳಲ್ಲಿ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಮರುದಿನ ಬೆಳಿಗ್ಗೆಯೇ ತಗಡಿನ ತುಂಡು ಹಿಡಿದು ಗೋಡೆ ಕೆರೆಯಲು ಕೂತೆ. ಪದರದ ಮೇಲೆ ಪದರ. ಕೈಗೆ ಬೊಬ್ಬೆ ಬಂತು. ಎದುರು ಮನೆಯಾಕೆ ಬೇಲಿಯ ದಣಪೆಯ ಹತ್ತಿರ ನಿಂತು ನಕ್ಕಳು.

"ಎಂತಾ ಮಾಮಾ, ಬಂಗಾರ ಹುಗ್ದಿಟ್ಟಿದ್ರಾ ಗೋಡೆ ಒಳಗೆ?"

"ಹೌದು ಮಾರಾಯ್ತಿ" ಎಂದೆ.

"ಸಿಕ್ರೆ ನಂಗೂ ಒಂಚೂರು ಕೊಡಿ. ನನ್ನ ಫೋಟೋ ತೆಗ್ದದ್ದಕ್ಕೆ."

ಹಳೆಯ ಚಿತ್ರ ಎಲ್ಲಾದರೂ ಉಳಿದಿರಬಹುದು ಎಂದು ಒಳಗೊಳಗೇ ಆಸೆಯಿತ್ತು. ಏನೂ ಇರಲಿಲ್ಲ. ಬರೀ ಗಾರೆ. ಐದು ದಿನ ಕೆರೆದೆ. ಹೆಂಡತಿ ಚಾ ತಂದಿಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಅವಳು ಬರೆಯದಿದ್ದರೆ ಏನು ಮಾಡುವುದು? ಬರೆ ಎಂದು ಕೇಳುವ ಮುಖ ನನಗಿರಲಿಲ್ಲ.

ಆರನೆಯ ದಿನ ಕೆಮ್ಮಣ್ಣು ತಂದು ನೀರಲ್ಲಿ ಕಲಸಿ ಬಳಿಯತೊಡಗಿದೆ. ಅಡಿಗೆ ಮನೆಯಿಂದ ಹೊರಬಂದವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅದು ಮಣ್ಣು ಬಳಿಯೂದಾ? ಎಮ್ಮೆ ಮೈ ತೊಳ್ದಂಗೆ ಅದೆ. ಇಲ್ಲಿ ಕೊಡಿ."

ಸೆರಗು ಸಿಕ್ಕಿಸಿಕೊಂಡು ಇಡೀ ಗೋಡೆಯನ್ನು ಅವಳೇ ಬಳಿದಳು. ಅದು ಒಣಗಲು ಒಂದು ದಿನ. ಅದರ ಮರುದಿನ ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಅಕ್ಕಿ ರುಬ್ಬಿಕೊಂಡು ಬಂದಳು. ನಾನು ಗಡಿಬಿಡಿಯಲ್ಲಿ ಮೊಬೈಲ್ ತೆಗೆದೆ.

"ಅದ್ನ ಬದಿಗಿಡಿ. ಬಟ್ಲು ಹಿಡ್ಕಣಿ, ನಂಗೆ ಬಗ್ಗೂಕೆ ಆಗೂದಿಲ್ಲ."

ಎರಡು ಕೈಯಲ್ಲಿ ಬಟ್ಟಲು ಹಿಡಿದು ನಿಂತೆ. ಅವಳ ಬೆರಳು ಈಗ ಸ್ವಲ್ಪ ನಡುಗುತ್ತದೆ. ಮೊದಲ ತೆನೆ ವಾಲಿತು. ಅವಳು ಅದನ್ನು ಅಳಿಸಲಿಲ್ಲ, ಗಾಳಿಗೆ ಬಾಗಿದ ಹಾಗೆ ಉಳಿದ ತೆನೆಗಳನ್ನೂ ಅದೇ ಕಡೆಗೆ ವಾಲಿಸಿ ಬರೆಯುತ್ತ ಹೋದಳು. ಮಧ್ಯಾಹ್ನದವರೆಗೆ ನಿಂತು ನನ್ನ ಕಾಲು ಮರಗಟ್ಟಿತು.

"ಬಟ್ಲು ಸ್ವಲ್ಪ ಮೇಲೆ" ಎಂದಳು. ಮೇಲೆ ಹಿಡಿದೆ.