ವಾಲಿದ ಅಕ್ಷರಗಳ ಬೋರ್ಡು

ಲಾತೂರಿನ ಭೂಕಂಪ ಕಳೆದು ಹಲವು ವರ್ಷಗಳಾದ ಮೇಲೆ ನಿಲಂಗಾದ ಬಸ್‌ಸ್ಟ್ಯಾಂಡಿನ ಎದುರು ನಾನೊಂದು ಬೋರ್ಡಿನ ಅಂಗಡಿ ಇಟ್ಟೆ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ರೇಡಿಯಂ ಹಾಳೆಯಲ್ಲಿ ಕತ್ತರಿಸಿ, ತಗಡಿಗೆ ಅಂಟಿಸಿ ಕೊಡುವ ಕೆಲಸ. ಪುಣೆಯಲ್ಲಿ ಕೆಲವು ತಿಂಗಳು ಕಲಿತು ಬಂದಿದ್ದೆ. ಊರಿಗೆಲ್ಲ ನಾನೊಬ್ಬನೇ ಕಲಾವಿದನೆಂಬ ಭ್ರಮೆಗೆ ಅಷ್ಟೇ ಸಾಕಾಗಿತ್ತು.

ಆಗ ಒಂದು ಇಂಗ್ಲಿಷ್ ಫಾಂಟಿನ ಮೇಲೆ ಮೋಹ ಹುಟ್ಟಿತು. ಅದರ ತುದಿಗಳಲ್ಲಿ ಬಾಲವಿಲ್ಲ, ಕೊಕ್ಕೆಯಿಲ್ಲ. ಗೆರೆಯೆಲ್ಲ ಒಂದೇ ದಪ್ಪ. ‘ಓ’ ಅಂದರೆ ಕಂಪಾಸಿನಲ್ಲಿ ಎಳೆದ ವೃತ್ತ, ‘ಎ’ ಅಂದರೆ ತ್ರಿಕೋನ. ಮೇಲಾಗಿ ಎಲ್ಲವೂ ಬಲಕ್ಕೆ ವಾಲಿದ್ದವು, ಎದುರುಗಾಳಿಯಲ್ಲಿ ಸೈಕಲ್ ತುಳಿಯುವವರ ಹಾಗೆ. ಕಿರಾಣಿ ಅಂಗಡಿಯಿರಲಿ, ಮದುವೆಯ ಮಂಗಲ ಕಾರ್ಯಾಲಯವಿರಲಿ, ಯಾರು ಬಂದರೂ ಅದನ್ನೇ ಹಾಕಿದೆ. ಹಲ್ಲಿನ ಡಾಕ್ಟರರ ಬೋರ್ಡು ನೋಡಿದರೇ ಹಲ್ಲು ಅಲುಗಾಡುತ್ತವೆ ಎಂದು ಜನ ನಕ್ಕರು. ನಾನು ಅದನ್ನೂ ಹೊಗಳಿಕೆಯೆಂದು ತಿಳಿದೆ.

ಒಂದು ದಿನ, ಹೊಲಿಗೆ ಅಂಗಡಿ ತೆರೆಯಲಿದ್ದ ಹೆಂಗಸೊಬ್ಬರು ತಮ್ಮ ಬೋರ್ಡಿನ ನಮೂನೆ ನೋಡಲು ಬಂದರು. ಪರದೆಯ ಮುಂದೆ ಕತ್ತು ವಾರೆ ಮಾಡಿ ನಿಂತರು.

“ಅಣ್ಣಾ, ಇವು ಬೀಳ್ಲಕತ್ತಾವಲ್ರೀ?”

“ಬೀಳ್ಲಕತ್ತಿಲ್ಲಕ್ಕಾ, ಓಡ್ಲಕತ್ತಾವ. ಇದು ಮಾಡರ್ನ್ ಅದ.”

“ನನ್ ಮಷಿನ್ ಕುಂತಲ್ಲೇ ಇರ್ತದ. ಬೋರ್ಡ್ ಎಲ್ಲಿಗಿ ಓಡಬೇಕ್ರೀ?”

ನಾನು ಬಿಡಲಿಲ್ಲ. ಹಾಳೆಯ ಮೇಲೆ ವೃತ್ತ ಎಳೆದು, ಗತಿ, ಲಯ, ಹೊಸ ಕಾಲ ಎಂದೆಲ್ಲ ಭಾಷಣ ಬಿಗಿದೆ. ಅವರು ಪಾಪ, ಪೂರ್ತಿ ಕೇಳಿಸಿಕೊಂಡರು.

“ಭೂಕಂಪದಾಗ ನಮ್ಮ ಮನಿ ಗ್ವಾಡಿ ಬೀಳೂ ಮದ್ಲ ಹಿಂಗೇ ವಾಲಿತ್ತು. ದಿನಾ ಇದರ ತೆಳಗ ಕುಂತು ಹೊಲಿಯೂದು ನನ್ನಿಂದ ಆಗಲ್ಲ. ನೆಟ್ಟಗ ನಿಂದ್ರಸ್ರಿ, ಅಣ್ಣಾ.”

 ತೆಪ್ಪಗೆ ಕಂಪ್ಯೂಟರಿಗೆ ತಿರುಗಿದೆ. ಅದೇ ಫಾಂಟಿನ ನೆಟ್ಟಗಿನ ರೂಪ ಅಲ್ಲೇ, ಅದರ ಮೇಲಿನ ಸಾಲಿನಲ್ಲೇ ಇತ್ತು. ಇಷ್ಟು ದಿನ ಈ ಮಹಾಕಲಾವಿದರು ಅದನ್ನು ಒಮ್ಮೆಯೂ ಒತ್ತಿ ನೋಡಿರಲಿಲ್ಲ. ಒತ್ತಿದೊಡನೆ ಅಕ್ಷರಗಳು ಎದ್ದು ನಿಂತವು. ಅವರು ‘ಓ’ ಮೇಲೆ ಬೆರಳಿಟ್ಟು ನಕ್ಕರು. “ಈಗ ಚಂದ ಅದ. ಅಂಗಿ ಗುಂಡಿ ಹಂಗೇ ಅದ ನೋಡ್ರಿ.”

ಆದರೂ ಮೋಹ ಹೋಗಲಿಲ್ಲ. ಉದಗೀರಿಗೆ ಸೀಟಿನ ಲೆಕ್ಕದಲ್ಲಿ ಜನರನ್ನು ಒಯ್ಯುವ ಜೀಪಿನವನೊಬ್ಬ ಗಾಡಿಯ ಮೇಲೆ ‘ಎಕ್ಸ್‌ಪ್ರೆಸ್’ ಎಂದು ಬರೆಸಲು ಬಂದಾಗ ಕುಣಿದಾಡಿಬಿಟ್ಟೆ. ವಾಲಿದ ಅಕ್ಷರಗಳಿಗೆ ಕೊನೆಗೂ ತಕ್ಕ ಜಾಗ ಸಿಕ್ಕಿತ್ತು! ಮರುವಾರ ರೇಡಿಯಂ ಹಾಳೆ ತರಲು ಅದೇ ಜೀಪು ಹತ್ತಿ ಹೊರಟೆ. ಈ ಓಡುವ ಅಕ್ಷರ ಬರೆದವನು ನಾನೇ ಎಂದು ಪಕ್ಕದ ಮುದುಕಿಗೂ ಹೇಳಿದೆ. ದೇವಣಿ ದಾಟಿದೊಡನೆ ಜೀಪು ಕೆಮ್ಮಿ ನಿಂತಿತು. ಗಂಡಸರೆಲ್ಲ ಇಳಿದು ತಳ್ಳತೊಡಗಿದೆವು.

ಮುದುಕಿ ಕಿಟಕಿಯಿಂದ ತಲೆ ಹೊರಹಾಕಿ, “ನೀ ಬರ್ದಿದ್ದು ಓಡ್ಲಕತ್ತದ, ಗಾಡಿನೇ ನಿಂತದ ನೋಡಪಾ” ಎಂದಳು.

ಎಲ್ಲರೂ ನಕ್ಕರು. ಅಷ್ಟರಲ್ಲಿ ಇಂಜಿನ್ನು ಗುರ್ರೆಂದಿತು. ಮತ್ತೆ ನಿಂತೀತೆಂಬ ಹೆದರಿಕೆಗೆ ಜೀಪಿನವನು ನಿಲ್ಲಿಸಲೇ ಇಲ್ಲ. ಉಳಿದವರು ಓಡಿ ಹತ್ತಿಕೊಂಡರು. ನಾನು ಮಾತ್ರ ಸ್ವಲ್ಪ ದೂರ ಓಡಿ, ಜೀಪು ಸಿಗದೆ, ಏದುಸಿರು ಬಿಡುತ್ತ ಹಿಂದಕ್ಕೆ ದೇವಣಿಯ ಕಡೆಗೆ ನಡೆದೆ.